ಹೆಲ್ಮೆಟ್ಟಿನೊಳಗಿನ ನೀಲಿ ಅಂಗಿ

ಪುಚೊಂಗ್, ಮಲೇಷ್ಯಾ, ಶುಕ್ರವಾರ

ಅಕ್ಷಯಾಳಿಗೆ,

ಗಂಡ ತೀರಿಕೊಂಡು ಮೂರು ತಿಂಗಳಿಗೇ ಸೊಸೆ ಒಬ್ಬಳೇ ಅವನ ಬೈಕಿನಲ್ಲಿ ಉತ್ತರದ ಬೆಲುಮ್ ಕಾಡಿಗೆ ಹೊರಡುವುದು ನನಗೆ ಒಪ್ಪಿಗೆಯಿಲ್ಲ. "ಅತ್ತೆ, ನೀವು ಬೇಡ ಅಂದಿದ್ದಕ್ಕೇ ಭುವನ್ ಅಲ್ಲಿಗೆ ಹೋಗ್ಲೇ ಇಲ್ಲ" ಎಂದೆ ನೀನು. ಅದು ನಿಜ. ಆದರೂ ನಾಳೆ ನಿನ್ನನ್ನು ಕಳಿಸಲು ಬಾಗಿಲಿಗೆ ಬರುವುದಿಲ್ಲ.

ಅವನ ಹೆಲ್ಮೆಟ್ ನಿನ್ನ ತಲೆಗೆ ಸಡಿಲ. ಅವನ ನೀಲಿ ಅಂಗಿಯನ್ನು ಕತ್ತರಿಸಿ ಒಳಗೆ ಮೆತ್ತೆ ಹೊಲಿದಿದ್ದೇನೆ, ಕೀಳಬೇಡ. ಗೆರಿಕ್‌ನಲ್ಲೇ ಪೆಟ್ರೋಲ್ ತುಂಬಿಸಿಕೋ, ಅಲ್ಲಿಂದ ಮುಂದೆ ಬರೀ ಕಾಡು. ರಸ್ತೆಯಲ್ಲಿ ಆನೆ ಕಂಡರೆ ಹಾರ್ನ್ ಮಾಡದೆ ದೂರದಲ್ಲೇ ನಿಲ್ಲು.

ಕಾಡು ದಾಟಿದ ಮೇಲೆ ನನಗೆ ಫೋನ್ ಮಾಡು. ನಾನು ಎತ್ತುವುದಿಲ್ಲ. ಪೂರ್ತಿ ರಿಂಗ್ ಆಗಲು ಬಿಡು.

ನಿನ್ನ ಅತ್ತೆ,
ಚಾಮುಂಡಮ್ಮ