ಪರದೆಯ ಮೇಲೆ ನಿಂತ ಕೈ

ಬ್ರಾಡ್‌ಬ್ಯಾಂಡ್ ಕಚೇರಿಯ ವ್ಯವಸ್ಥಾಪಕರಿಗೆ,

ಕರಾರು ಮುಗಿಯಲು ಇನ್ನೂ ಏಳು ತಿಂಗಳಿದ್ದರೂ ನನ್ನ ಸಂಪರ್ಕವನ್ನು ಇಂದೇ ರದ್ದು ಮಾಡಿ.

ನಾನೂ ನನ್ನ ಅಕ್ಕನೂ ಹುಟ್ಟು ಕಿವುಡರು. ವಿಡಿಯೋದಲ್ಲಿ ಕೈಸನ್ನೆಯೇ ನಮ್ಮ ಮಾತು. ಚಿತ್ರ ನಿಂತು ನಿಂತು ಬರುತ್ತದೆಂದು ಮೂರು ಸಲ ದೂರು ಕೊಟ್ಟೆ. ರಿಪೇರಿಗೆ ಬಂದ ನಿಮ್ಮವರು ನನ್ನ ಮಗಳಿಗೆ, “ಧ್ವನಿ ಚೆನ್ನಾಗೇ ಬರ್ತಿದೆಯಲ್ಲಮ್ಮ, ಇನ್ನೇನು ಬೇಕು?” ಎಂದು ಹೇಳಿ ಹೋದರಂತೆ.

ಕಳೆದ ವಾರ ಆಸ್ಪತ್ರೆಯ ಹಾಸಿಗೆಯಿಂದ ಅಕ್ಕ ಏನೋ ಹೇಳಲು ಕೈಯೆತ್ತಿದಳು. ಚಿತ್ರ ಅಲ್ಲೇ ನಿಂತಿತು. ಮರುದಿನ ಅವಳು ತೀರಿಕೊಂಡಳು.

ಈಗ ರದ್ದು ಮಾಡಲು ನಾನೇ ಫೋನಿನಲ್ಲಿ ಮಾತಾಡಬೇಕಂತೆ. ಥೂ, ನಿಮ್ಮ ನಿಯಮಕ್ಕಿಷ್ಟು!

ನಿಮ್ಮ ಇಂಟರ್‌ನೆಟ್ ಪೆಟ್ಟಿಗೆಯನ್ನು ಗೋಡೆಯಿಂದ ಬಿಚ್ಚಿಟ್ಟಿದ್ದೇನೆ. ಒಯ್ಯಲು ಬಂದವರು ಬೆಲ್ ಒತ್ತುತ್ತಾ ನಿಲ್ಲುವುದು ಬೇಡ. ಕಿಟಕಿಯೆದುರು ಕೈಯಾಡಿಸಲಿ, ಹೊಲಿಗೆ ಯಂತ್ರದ ಮುಂದೆಯೇ ಇರುತ್ತೇನೆ. ಎತ್ತಿದ ಕೈಯನ್ನು ಮಾತ್ರ ಹಾಗೇ ನಿಲ್ಲಿಸದಿರಲಿ.

ಇಂತಿ,
ಮೂಲೆಮನೆಯ ದರ್ಜಿ