ಬಾಗಿಲ ಸಂದಿಯ ತಂಪು

ಏಪ್ರಿಲ್ ೧೭, ರಾತ್ರಿ

ಭಾವನ ಸ್ವೆಟರ್ ತಲೆಯಿಂದ ಹೋಗುತ್ತಿಲ್ಲ. ಇಂಥ ಸುಡುಬೇಸಿಗೆಯಲ್ಲಿ ಉಣ್ಣೆಯ ಸ್ವೆಟರ್!

ನಗರಸಭೆ ಸದಸ್ಯೆಯಾದ ಅಕ್ಕ ನಾಳೆ ಅಲ್ಲಿ ವಿದ್ಯುತ್ ಉಳಿತಾಯದ ಬಗ್ಗೆ ಮಾತಾಡಬೇಕು. ಎಂದಿನಂತೆ ಭಾಷಣ ಬರೆಯುವವಳು ನಾನು. ಅದಕ್ಕೆಂದೇ ಸಂಜೆ ಅವಳ ಮನೆಗೆ ಹೋಗಿದ್ದೆ. ಜನ ಬಂದು ಕೂರುವ ಹಜಾರದಲ್ಲಿ ಕಿಟಕಿಗಳೆಲ್ಲ ತೆರೆದಿದ್ದವು, ಒಂದೇ ಫ್ಯಾನು ನಿಧಾನವಾಗಿ ತಿರುಗುತ್ತಿತ್ತು.

"ನಿನ್ನ ಕವಿತೆ ಗಿವಿತೆ ಏನ್ ಬೇಕಾದ್ರೂ ಸೇರಿಸ್ಕೋ. ನಮ್ಮನೇಲಿ ಎಸಿ ಅನ್ನೋದೇ ಇಲ್ಲ ಅಂತ ಬರೆಯೋದು ಮಾತ್ರ ಮರೀಬೇಡ," ಎಂದಳು.

ಆಗಲೇ ಒಳಕೋಣೆಯಿಂದ ಭಾವ ಸ್ವೆಟರ್ ಹಾಕಿಕೊಂಡು ಹೊರಗೆ ಬಂದು, ಬಾಗಿಲು ಮುಚ್ಚಿದರು.

"ಏನ್ ಭಾವ, ಜ್ವರಾನಾ?"

ಅವರು ಬಾಯಿ ತೆರೆಯುವ ಮೊದಲೇ ಅಕ್ಕ, "ಹೂಂ ಕಣೇ, ನಿನ್ನೆಯಿಂದ," ಎಂದಳು. ಭಾವ ಅವಳ ಮುಖ ನೋಡಿ, ಆಮೇಲೆ ಕೆಮ್ಮಿದರು.

ಪಾಪ, ಅವರ ಮನೆಯ ನಾಯಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅಷ್ಟು ದೊಡ್ಡ ಹಜಾರ ಬಿಟ್ಟು ಆ ಕೋಣೆಯ ಬಾಗಿಲ ಸಂದಿಗೆ ಹೊಟ್ಟೆ ಒತ್ತಿ ಮಲಗಿತ್ತು. ಅದರ ಮೈ ಸವರುವ ನೆಪದಲ್ಲಿ ಬಗ್ಗಿದೆ. ಬೆರಳಿಗೆ ತಣ್ಣನೆಯ ಗಾಳಿ ತಾಕಿತು.

"ಮಲಗಿರೋದನ್ನ ಯಾಕೆ ಎಬ್ಬಿಸ್ತೀಯ? ಬಾ ಈ ಕಡೆ!" ಅಕ್ಕ ಗದರಿದಳು.

ಒಂದು ವಾಕ್ಯದ ಹೊರತು ಭಾಷಣ ಮುಗಿದಿದೆ. 'ನಮ್ಮ ಮನೆಯಲ್ಲಿ' ಎಂದು ಬರೆದು ಮುಂದೆ ಖಾಲಿ ಬಿಟ್ಟಿದ್ದೇನೆ. ಅವಳೇ ಕೈಯಾರೆ ತುಂಬಿಕೊಳ್ಳಲಿ. ನನಗೆ ಅಕ್ಷರ ತಿದ್ದಿಸಿದ ಕೈ ಅದು. ಅಲ್ಲಿಗೆ ಬಂದಾಗ ಒಂದು ಕ್ಷಣವಾದರೂ ತಡವರಿಸೀತು ಎಂಬ ಆಸೆ. ತಡವರಿಸದೇ ಹೋದರೆ, ಇಷ್ಟು ವರ್ಷ ನಾನು ನಂಬಿಕೊಂಡು ಬಂದ ಅಕ್ಕ... ಈ ವಾಕ್ಯವೂ ಸದ್ಯಕ್ಕೆ ಖಾಲಿಯೇ ಇರಲಿ.