ಮೂವತ್ತೊಂದನೇ ಮನೆಯ ಮುಂದಿನ ನಲ್ಲಿ

ಹಲಸೂರು
ಬುಧವಾರ, 17 ನವೆಂಬರ್ 1948

ಪ್ರೀತಿಯ ಜಹನಾರಾ,

ಒಂದು ವಿಷಯ ನಿನಗೆ ಬರೆಯುವುದೇ ಬೇಡವೆಂದುಕೊಂಡಿದ್ದೆ. ನೀನು ಹೇಳಿಕೊಟ್ಟ ಲೆಕ್ಕದಲ್ಲಿ ತಪ್ಪಿಲ್ಲ. ಆದರೂ ಅದನ್ನು ನಂಬಿ ನಡೆದ ನಾನು ಬರುವ ಭಾನುವಾರದ ಚುನಾವಣೆಯಲ್ಲಿ ಸೋಲುವ ಹಾಗಿದ್ದೆ. ರಿಚರ್ಡ್ಸ್ ಟೌನಿನಲ್ಲಿ ಕುಳಿತು ನನಗಾಗಿ ದುವಾ ಮಾಡುತ್ತಿರುವವಳಿಗೆ ಇದನ್ನು ಹೇಗೆ ಹೇಳುವುದೆಂದು ಮೂರು ದಿನ ಯೋಚಿಸಿದೆ. ಕಾನ್ವೆಂಟಿನಲ್ಲಿ ನಮಗೆ ಕಲಿಸಿದ ಇಂಗ್ಲಿಷಿನಲ್ಲಿ ಎರಡು ಸಲ ಶುರುಮಾಡಿದೆ. ಎಲ್ಲವೂ ಬೇರೆ ಯಾರಿಗೋ ಆದದ್ದರಂತೆ ಕೇಳಿಸಿತು. ಹರಿದು ಒಲೆಗೆ ಹಾಕಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ನಮ್ಮ ಬೀದಿ ನಿನಗೆ ಗೊತ್ತು. ಕವಲಿಲ್ಲದ ನೇರ ಬೀದಿ, ಪಶ್ಚಿಮದ ತುದಿಯಿಂದ ಎಣಿಸಿದರೆ ಅರವತ್ತೊಂದು ಮನೆ. ಪುರಸಭೆಯವರು ಕೊಡುವುದು ಒಂದೇ ನಲ್ಲಿ. ಅದನ್ನು ಎಲ್ಲಿ ಹಾಕಬೇಕೆಂದು ಬೀದಿ ಸಮಿತಿಯ ಅಧ್ಯಕ್ಷರು ಹೇಳಬೇಕು. ಆ ಸ್ಥಾನಕ್ಕೆ ನಿಂತವರು ಬೈಲಪ್ಪನವರು ಮತ್ತು ನಾನು, ಮನೆಗೊಂದು ಓಟು. ಬೈಲಪ್ಪನವರು ತಮ್ಮ ಮನೆಯ ಹತ್ತಿರ, ಇಪ್ಪತ್ತನೆಯ ಮನೆಯ ಮುಂದೆ ಹಾಕಿಸುತ್ತೇನೆಂದರು. ನಾನು ನಲವತ್ತೆಂಟನೆಯದರ ಮುಂದೆ ಎಂದೆ. ಅಲ್ಲಿಂದ ಪೂರ್ವದ ತುದಿಯವರೆಗಿನ ಹದಿನಾಲ್ಕು ಮನೆಯವರು ಬೈಯಪ್ಪನಹಳ್ಳಿ ದಾರಿಯ ಬಾವಿಯಿಂದ ನೀರು ಹೊರುತ್ತಾರೆ.

ಆಗ ನೀನು ನಿಮ್ಮ ಊಟದ ಮೇಜಿನ ಮೇಲೆ ಬೆಂಕಿಕಡ್ಡಿ ಸಾಲಿಟ್ಟು ತೋರಿಸಿದೆ. ರಸೆಲ್ ಮಾರ್ಕೆಟ್ ಹೊರಗೆ ಎರಡು ಶರಬತ್ತಿನ ಗಾಡಿಗಳು ಒಂದರ ಗಿರಾಕಿಯನ್ನು ಇನ್ನೊಂದು ಸೆಳೆಯಲು ಸರಿಯುತ್ತ ಸರಿಯುತ್ತ ಕೊನೆಗೆ ಪಕ್ಕಪಕ್ಕದಲ್ಲೇ ನಿಲ್ಲುತ್ತವೆ. ಜನ ಹತ್ತಿರದ ಗಾಡಿಗೆ ಹೋಗುತ್ತಾರೆ, ಓಟೂ ಹಾಗೇ. "ನಡುವಿನ ಮನೆ ಹಿಡ್ಕೋ ರಾಮೀ, ಮಿಕ್ಕಿದ್ದು ತಾನೇ ಬರ್ತದೆ," ಎಂದೆ ನೀನು.

ಹಿಡಿದುಕೊಂಡೆ. ಮೂವತ್ತೊಂದನೆಯ ಮನೆಯ ಮುಂದೆ ನಲ್ಲಿ ಎಂದು ಸಾರಿದೆ. ಬೈಲಪ್ಪನವರು ಮೊದಲು ನಕ್ಕರು. "ಅಕ್ಕೋರು ಇಸ್ಕೂಲ್ ಲೆಕ್ಕ ಮಾಡಿ ನಲ್ಲಿ ಹಾಕುಸ್ತಾರಂತೆ, ನೀರು ಬರ್ತದೋ ಸೊನ್ನೆ ಬರ್ತದೋ!" ಎಂದು ಬೀದಿಗೆಲ್ಲ ಕೇಳುವಂತೆ ಅಂದರು. ವಾರ ಕಳೆಯುವುದರೊಳಗೆ ಅವರೂ ಮೂವತ್ತನೆಯ ಮನೆಗೆ ಬಂದು ನಿಂತರು, ನಿನ್ನ ಶರಬತ್ತಿನ ಗಾಡಿಯ ಹಾಗೆಯೇ. ಎಲ್ಲರೂ ಬಂದು ಓಟು ಹಾಕಿದರೆ ಅವರಿಗೆ ಮೂವತ್ತು, ನನಗೆ ಮೂವತ್ತೊಂದು. ಒಂದೇ ಓಟಿನ ಗೆಲುವಿಗೆ ಎಷ್ಟು ಹಿಗ್ಗಿದ್ದೆ ಎಂದು ಈಗ ನಾಚಿಕೆ.

ಕಳೆದ ಭಾನುವಾರ ಪೂರ್ವದ ತುದಿಗೆ ಓಟು ಕೇಳಲು ಹೋದೆ. ಅಲ್ಲಿ ಎಲ್ಲರೂ ದೊಡ್ಡಮುನಿಯಮ್ಮನ ಮಾತು ಕೇಳುತ್ತಾರೆ. ಅವಳು ಮೊರದಲ್ಲಿ ರಾಗಿ ಹಸನು ಮಾಡುತ್ತಿದ್ದಳು, ತಲೆಯೆತ್ತಲಿಲ್ಲ. "ನಾವ್ಯಾರೂ ಬರಲ್ಲ ಅಕ್ಕೋರೆ. ಮೂವತ್ತಾದ್ರೇನು, ಮೂವತ್ತೊಂದಾದ್ರೇನು? ಬಾವಿ ದೂರ, ಕಾಲು ನೋಯ್ತದೆ ಅಷ್ಟೇಯ. ನಿಮ್ ನಡೂಬೀದಿ ಅದಕ್ಕಿಂತ ದೂರ," ಎಂದಳು. ನನಗೆ ಅರ್ಥವಾಗಲಿಲ್ಲ. ಆಗ ಹೇಳಿದಳು: ಈ ಬೇಸಿಗೆಯಲ್ಲಿ ಅವರ ಬಾವಿ ಬತ್ತಿದಾಗ ನಮ್ಮ ಬೀದಿಯದೇ ಒಂದು ಮನೆಯ ಬಾವಿಗೆ ಹೋಗಿದ್ದಳಂತೆ. "ಕೊಡ ಆಚೆ ಇಡು, ನಾನೇ ಸುರೀತೀನಿ" ಎಂದರಂತೆ. ಸುರಿಯಲು ಬಂದದ್ದು ಮಿಕ್ಕವರೆಲ್ಲ ತುಂಬಿಕೊಂಡು ಹೋದ ಮೇಲೆ. ಅಷ್ಟು ಹೊತ್ತು ಅವಳು ಬಿಸಿಲಲ್ಲಿ ನಿಂತಿದ್ದಳು. "ನಲ್ಲಿ ಹತ್ರಾನೂ ಅಂಗೇ ನಿಲ್ಸ್ತೀರಾ. ಅದಕ್ಯಾಕೆ ಓಟು?"

ಯಾರ ಮನೆ ಎಂದು ಅವಳು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಮನೆಗೆ ಬಂದು ಬೆಂಕಿಕಡ್ಡಿ ಸಾಲಿಟ್ಟೆ. ಪೂರ್ವದ ಹದಿನಾಲ್ಕು ತೆಗೆದೆ. ಉಳಿದದ್ದು ನಲವತ್ತೇಳು, ಅದರಲ್ಲಿ ನನಗೆ ಹದಿನೇಳು, ಅವರಿಗೆ ಮೂವತ್ತು. ಈಗ ನಡುವಿನ ಮನೆ ಇಪ್ಪತ್ತನಾಲ್ಕನೆಯದು. ನೋಡಿದೆಯಾ? ಅವರು ಬಾರದಿದ್ದರೆ ಬೀದಿಯ ನಡುವೇ ಪಶ್ಚಿಮಕ್ಕೆ ಸರಿಯುತ್ತದೆ. ಗೆಲ್ಲಬೇಕೆಂದರೆ ನಾನೂ ಅದರ ಹಿಂದೆ ಹೋಗಬೇಕು, ಯಾರಿಗಾಗಿ ನಿಂತೆನೋ ಅವರಿಂದ ಇನ್ನೂ ಏಳು ಮನೆ ಆಚೆಗೆ. ನಾನು ಒಲ್ಲೆ.

ನಾವು ದೂರವನ್ನು ಹೆಜ್ಜೆಯಲ್ಲಿ ಮಾತ್ರ ಅಳೆದೆವು, ಜಹನಾರಾ. ಎಷ್ಟು ಹೊತ್ತು ನಿಲ್ಲಿಸುತ್ತಾರೆ, ಯಾರ ಹಿಂದೆ ನಿಲ್ಲಿಸುತ್ತಾರೆ ಎಂಬುದಕ್ಕೆ ನಿನ್ನ ಮೇಜಿನ ಮೇಲೆ ಇನ್ನೊಂದು ಸಾಲು ಅಡ್ಡಲಾಗಿ ಇಡಬೇಕಿತ್ತು. ಅದನ್ನು ಈಗ ನಾನು ಇಟ್ಟಿದ್ದೇನೆ. ನಲ್ಲಿ ಮೂವತ್ತೊಂದನೆಯ ಮನೆಯ ಮುಂದೆಯೇ. ಆದರೆ ಮೊದಲು ಬಂದ ಕೊಡ ಮೊದಲು, ಯಾರದೇ ಆಗಲಿ. ಅವರವರ ಕೊಡ ಅವರವರೇ ಹಿಡಿಯಬೇಕು. ಈ ಮಾತನ್ನು ಕೆಂಪು ಮಸಿಯಲ್ಲಿ ಬರೆದು ಬೀದಿಯ ಎರಡು ತುದಿಗೂ ಅಂಟಿಸುತ್ತೇನೆ.

ಪೂರ್ವದವರ ಕೊಡ ತಮ್ಮ ಬಾಗಿಲ ಮುಂದೆ ಎಲ್ಲರ ಸಾಲಿನಲ್ಲಿ ನಿಲ್ಲುವುದನ್ನು ಒಪ್ಪದ ಮೂವತ್ತೊಂದನೆಯ ಮನೆಯವರು ನನಗೆ ಓಟು ಕೊಡಲಾರರು. ಅಕ್ಕಪಕ್ಕದ ಇನ್ನೂ ಇಬ್ಬರು ಕೈಬಿಡಬಹುದು. ಆದರೆ ಇವತ್ತು ಬೆಳಿಗ್ಗೆ ರೇಷನ್ ಅಂಗಡಿಯಲ್ಲಿ ಹನ್ನೆರಡನೆಯ ಮನೆಯ ಆಂಜನಮ್ಮ, ಬೈಲಪ್ಪನವರ ಕಡೆಯವಳೆಂದೇ ನಾನು ಎಣಿಸಿದ್ದವಳು, ಈ ಸುದ್ದಿ ಕಿವಿಗೆ ಬಿದ್ದು ತಾನಾಗಿ ಬಂದು ಕೈ ಹಿಡಿದಳು. "ಸರದಿ ಅಂತ ಬರೀರಿ ಅಕ್ಕಾ, ದಪ್ಪಕ್ಕೆ ಬರೀರಿ! ಬೈಲಪ್ಪನೋರ ಮನೇಲಿ ಹಂಡೆ, ಕಡಾಯಿ, ಕೊಪ್ಪರಿಗೆ ಎಲ್ಲಾ ತುಂಬೋಗಂಟ ನಾವು ಬಾಯ್ ಬಿಟ್ಕೊಂಡು ನಿಲ್ಬೇಕಾ?" ಎಂದಳು. ಸಾಲಿನಲ್ಲಿದ್ದ ನಾಲ್ವರು ಹೆಂಗಸರು ನಕ್ಕರು. ನಾಲ್ವರೂ ಪಶ್ಚಿಮದ ಮನೆಗಳವರು. ಪೂರ್ವದವರು ಬಂದರೆ ಗೆಲ್ಲುತ್ತೇನೆ. ಈ ಸಲ ಒಂದು ಓಟಿನಿಂದಲ್ಲ.

ಬರುತ್ತಾರೆಯೇ ಎಂಬುದೊಂದೇ ಪ್ರಶ್ನೆ. ಅದು ನಾಳೆ ಸಂಜೆ ದೊಡ್ಡಮುನಿಯಮ್ಮನ ಮನೆಯಲ್ಲಿ ತಿಳಿಯುತ್ತದೆ. ಧೈರ್ಯವಾಗಿದ್ದೇನೆ. ನೀನು ದುವಾ ನಿಲ್ಲಿಸಬೇಡ.

ನಿನ್ನ,
ರಾಮಲಕ್ಷ್ಮಮ್ಮ

ಮರೆತ ಮಾತು: ಮರೆತದ್ದಲ್ಲ, ಬಿಟ್ಟದ್ದು. ಆ ಬೇಸಿಗೆಯ ಬಾವಿ ನಮ್ಮ ಹಿತ್ತಲಿನದು. "ಕೊಡ ಆಚೆ ಇಡು" ಎಂದವಳು ನಾನು. ನಾನೇ ಸುರಿದು ಕೊಡುವುದು ಉಪಕಾರವೆಂದೇ ಅಂದುಕೊಂಡಿದ್ದೆ. ಭಾನುವಾರ ಅವಳು ಮೊರದಿಂದ ತಲೆಯೆತ್ತದೆ ಹೇಳುವವರೆಗೆ ನೆನಪೂ ಇರಲಿಲ್ಲ. ಕೆಂಪು ಮಸಿಯ ಕಾಗದ ಅಂಟಿಸುವ ಮೊದಲು ಅವಳ ಬಾಗಿಲಲ್ಲಿ ನಿಂತು ಇದನ್ನು ಹೇಳಬೇಕು. ಹೇಳಿದ ಮೇಲೆಯೇ ಈ ಪತ್ರ ಅಂಚೆಗೆ. ಹೇಳಲಾಗದಿದ್ದರೆ ಇದೂ ಒಲೆಗೆ. ಲಕೋಟೆ ನಿನ್ನ ಕೈಗೆ ಬಂದಿದ್ದರೆ ಹೇಳಿದ್ದೇನೆಂದು ತಿಳಿ.

ಅಂಚೆಗೆ ಹಾಕಿದ್ದು: ಶುಕ್ರವಾರ, 19 ನವೆಂಬರ್ 1948.